ಸಿದ್ದಿಗಳ ಊರಿಗೆ ಸಂಶೋಧನೆಗೆ ಹೊರಟವರಿಗೆ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆ ಇರುವ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಬಗ್ಗೆ ಪ್ರಬಂಧ ಬರೆಯಬೇಕು, ಎಲ್ಲಿಂದ ಶುರು ಮಾಡಲಿ ಅಂತ ವಿದ್ಯಾರ್ಥಿಗಳು ಕೇಳುತ್ತಿರುತ್ತಾರೆ. ಮೊದಲ ದಿನ ಪ್ರಶ್ನೆಪಟ್ಟಿ ಚೀಲದಿಂದ ತೆಗೆಯಲೇಬೇಡಿ ಅಂತ ಹೇಳುತ್ತೇನೆ.

ನಾನು ತೆಗೆದಿದ್ದೆ. "ನಿಮ್ಮ ಹಿರಿಯರು ಆಫ್ರಿಕಾದಿಂದ ಯಾವಾಗ ಬಂದರು?" ಅನ್ನೋದೇ ನನ್ನ ಮೊದಲ ಪ್ರಶ್ನೆ. ಜಗಲಿ ಮೇಲೆ ಕವಂದಿ, ಅಂದರೆ ಹಳೆ ಬಟ್ಟೆಯ ತುಂಡು ಜೋಡಿಸಿದ ಹೊದಿಕೆ, ಹೊಲಿಯುತ್ತಿದ್ದ ಅಜ್ಜಿ ಸೂಜಿ ನಿಲ್ಲಿಸಲಿಲ್ಲ. "ನಾನು ಹುಟ್ಟಿದ್ದು ಇಲ್ಲೇ ತಂಗಿ. ನೀ ಎಲ್ಲಿಂದ ಬಂದೆ?" ಅಂದರು. ಪೇಟೆಗೆ ಹೋದರೆ, ಬಸ್ ಹತ್ತಿದರೆ ಅವರಿಗೆ ಇದೇ ಪ್ರಶ್ನೆ. ಮನೆ ಬಾಗಿಲಿಗೂ ನಾನು ಅದನ್ನೇ ಹೊತ್ತು ಹೋಗಿದ್ದೆ. ಪೋರ್ಚುಗೀಸರು ಗುಲಾಮರನ್ನು ಗೋವಾಕ್ಕೆ ತಂದದ್ದು, ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದ್ದು, ಇದನ್ನೆಲ್ಲ ಹೊರಡುವ ಮುಂಚೆ ಓದಿಕೊಳ್ಳಿ. ಅಜ್ಜಿಯಂದಿರಿಂದ ಪಾಠ ಹೇಳಿಸಿಕೊಳ್ಳಬೇಡಿ.

ಒಂದೇ ಮನೆ ನೋಡಿ "ಸಿದ್ದಿಗಳು ಹೀಗೆ" ಅಂತಲೂ ಬರೆಯಬೇಡಿ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಸುಮಾರು ಮನೆಗಳಲ್ಲಿ ಮಾತು ಕೊಂಕಣಿ ಬೆರೆತದ್ದು. ಜಿಲ್ಲೆ ಯಾವುದು ಅಂತ ಬರೆದುಕೊಳ್ಳಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಬೆಳಗಾವಿ, ಧಾರವಾಡದವರು 2020ರವರೆಗೆ ಕಾಯಬೇಕಾಯಿತು. ವಿದ್ಯಾರ್ಥಿವೇತನ, ಸೌಲಭ್ಯಗಳ ಬಗ್ಗೆ ಬರೆಯುವಾಗ ಇದು ತಪ್ಪಿದರೆ ಇಡೀ ಅಧ್ಯಾಯವೇ ತಪ್ಪುತ್ತದೆ.

ಇನ್ನು ಕೂತು ಮಾತಾಡುವುದು. ಕವಂದಿ ಹೊಲಿಯುವವರ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿಕೊಡಿ. ವಯಸ್ಸಾದ ಕಣ್ಣಿಗೆ ಅದು ನಿಜವಾದ ಸಹಾಯ. ಹೊಲಿಗೆ ಮೂಲೆಯಿಂದ ಶುರುವಾಗಿ ಅಂಚು ಹಿಡಿದು ಸುತ್ತು ಸುತ್ತಾಗಿ ನಡುವಿಗೆ ಬರುತ್ತದೆ. ಈ ತುಂಡು ಯಾರ ಸೀರೆ, ಆ ತುಂಡು ಯಾರ ಅಂಗಿ ಅಂತ ಕೇಳಿದರೆ ಸಾಕು, ಸತ್ತವರು, ದೂರ ಮದುವೆಯಾಗಿ ಹೋದವರು ಎಲ್ಲರೂ ಮಾತಿನಲ್ಲಿ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ 'ಫುಲಾ' ಕೂರಿಸುತ್ತಾರೆ. ಅದಿಲ್ಲದ ಕವಂದಿ ಬೆತ್ತಲೆ ಅನ್ನುತ್ತಾರೆ. ನನ್ನ ಪಟ್ಟಿಯ ಯಾವ ಪ್ರಶ್ನೆಯೂ ಇಷ್ಟು ಹೇಳಿಸುತ್ತಿರಲಿಲ್ಲ.

ರೆಕಾರ್ಡ್ ಮಾಡುವುದಿದ್ದರೆ ಮೊಬೈಲ್ ಚಾಪೆ ಮೇಲೆ ಎದುರಿಗೇ ಇಡಿ. ನಿಲ್ಲಿಸುವುದು ಹೇಗೆ ಅಂತ ಅವರಿಗೇ ತೋರಿಸಿ. ನಿಲ್ಲಿಸಿ ಹೇಳಿದ ಮಾತು ಬರೆಯುವುದಕ್ಕಲ್ಲ. ಒಪ್ಪಿಗೆ ಪತ್ರವನ್ನು ನಿಧಾನವಾಗಿ ಓದಿ ಹೇಳಿ. ಜಮೀನಿನ ಕಾಗದಕ್ಕಾಗಿ ಅರಣ್ಯ ಹಕ್ಕು ಅರ್ಜಿ ಹಿಡಿದು ಓಡಾಡಿದವರು ಗೊತ್ತಿಲ್ಲದ ಹಾಳೆಗೆ ಸುಮ್ನೆ ಸಹಿ ಹಾಕುವುದಿಲ್ಲ, ಹಾಕಲೂ ಬಾರದು. ಅರ್ಧ ದಿನ ಕೂರಿಸಿದರೆ ಅರ್ಧ ದಿನದ ಕೂಲಿ ಕೊಡಿ.

ಬರೆದದ್ದನ್ನು ಅಚ್ಚಿಗೆ ಕೊಡುವ ಮುಂಚೆ ವಾಪಸ್ ಹೋಗಿ ಓದಿ ಹೇಳಿ. ಇದೊಂದನ್ನು ಬಿಡಲೇಬೇಡಿ. ನಾನು "ಬಡತನದಿಂದಾಗಿ ಹಳೆ ಬಟ್ಟೆಯಲ್ಲಿ ಹೊಲಿಯುತ್ತಾರೆ" ಅಂತ ಬರೆದಿದ್ದೆ. ಅಜ್ಜಿ ಅಲ್ಲೇ ತಡೆದರು. "ಹೊಸ ಬಟ್ಟೆ ಮೈಗೆ ಒರಟು ತಂಗಿ. ಹುಟ್ಟಿದ ಕೂಸಿಗೆ ಹೊದಿಸೋದು, ಮೆತ್ತಗೆ ಬೇಕಲ್ವಾ?" ಆ ವಾಕ್ಯ ಹೊಡೆದುಹಾಕಿ ಅವರ ಮಾತನ್ನೇ ಬರೆದುಕೊಂಡೆ. ಆಮೇಲೆ ಕನ್ನಡದಲ್ಲಿ ಹತ್ತು ಪುಟದ ಪ್ರತಿ ಮಾಡಿ, ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಟ್ಟು ಬಂದೆ. ಮೊಮ್ಮಗಳು ಜಗಲಿಯಲ್ಲಿ ನಿಂತು ಜೋರಾಗಿ ಓದಿದಳು.