ರೋಹ್ಸ್ ಕಡತ: ಬಿಡಿಭಾಗಗಳ ಪಟ್ಟಿಯಿಂದ ಸಿಇ ಗುರುತಿನವರೆಗೆ

ಯುರೋಪಿಗೆ ಎಲೆಕ್ಟ್ರಾನಿಕ್ ಉತ್ಪನ್ನ ಕಳಿಸಲು ಹೊರಟವರು ಮೊದಲು ಕೇಳುವುದು ಯಾವ ಲ್ಯಾಬಿಗೆ ಹೋಗಬೇಕು ಎಂದು. ನಾನು ಲ್ಯಾಬನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಎಲೆಕ್ಟ್ರಾನಿಕ್ ಸಾಧನಗಳಲ್ಲಿ ಅಪಾಯಕಾರಿ ಪದಾರ್ಥಗಳಿಗೆ ಕಡಿವಾಣ ಹಾಕುವ ಯುರೋಪಿನ ಕಾನೂನಾದ ರೋಹ್ಸ್ ನಿರ್ದೇಶನ 2011/65/ಇಯು ಮಿತಿ ಹಾಕಿರುವುದು ಇಡೀ ಉತ್ಪನ್ನಕ್ಕಲ್ಲ, ಅದರೊಳಗಿನ ಒಂದೊಂದು ಏಕರೂಪದ ವಸ್ತುವಿಗೆ. ಕತ್ತರಿಸಿ, ಕೆರೆದು, ಅರೆದು ಮತ್ತೆ ಬೇರೆ ಮಾಡಲಾಗದ್ದು ಏಕರೂಪದ ವಸ್ತು. ಒಂದು ಕೇಬಲ್ಲಿನಲ್ಲೇ ತಾಮ್ರ, ಅದರ ಮೇಲಿನ ತವರದ ಲೇಪ, ಒಳಹೊದಿಕೆ, ಹೊರಹೊದಿಕೆ, ಮೇಲೆ ಮುದ್ರಿಸಿದ ಶಾಯಿ ಎಲ್ಲವೂ ಬೇರೆ ಬೇರೆ ಲೆಕ್ಕ. 100 ಗ್ರಾಂ ತೂಗುವ ಸಾಧನದಲ್ಲಿ ಹಳೆಯ ತವರ-ಸೀಸದ ಒಂದೇ ಒಂದು ಬೆಸುಗೆ, 20 ಮಿಲಿಗ್ರಾಂನದು, ಉಳಿದಿದೆ ಅನ್ನಿ. ಅದರಲ್ಲಿ 37% ಸೀಸ, ಅಂದರೆ 7.4 ಮಿಲಿಗ್ರಾಂ. ಇಡೀ ಸಾಧನಕ್ಕೆ ಹಂಚಿದರೆ 74 ಪಿಪಿಎಂ (ಹತ್ತು ಲಕ್ಷದಲ್ಲಿ 74 ಭಾಗ), ಕೇಳಲು ಏನೂ ಅಲ್ಲ. ಆ ಬೆಸುಗೆಯಲ್ಲಿ ಮಾತ್ರ 3,70,000 ಪಿಪಿಎಂ. ಕಾನೂನು ನೋಡುವುದು ಈ ಎರಡನೆಯ ಅಂಕಿಯನ್ನು.

ಮಿತಿಗಳು ಇಷ್ಟು: ಸೀಸ, ಪಾದರಸ, ಷಟ್ಸಂಯೋಜಕ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ), ಪಿಬಿಬಿ ಮತ್ತು ಪಿಬಿಡಿಇ ಎಂಬ ಬ್ರೋಮಿನ್‌ಯುಕ್ತ ಅಗ್ನಿನಿರೋಧಕಗಳು, ಡಿಇಎಚ್‌ಪಿ, ಬಿಬಿಪಿ, ಡಿಬಿಪಿ, ಡಿಐಬಿಪಿ ಎಂಬ ನಾಲ್ಕು ಥ್ಯಾಲೇಟ್‌ಗಳು (ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುವ ರಾಸಾಯನಿಕಗಳು), ಪ್ರತಿಯೊಂದಕ್ಕೂ ತೂಕದಲ್ಲಿ 0.1%. ಕ್ಯಾಡ್ಮಿಯಂಗೆ ಮಾತ್ರ 0.01%.

ಕೆಲಸ ಶುರುವಾಗುವುದು ಬಿಒಎಂನಿಂದ, ಅಂದರೆ ಬಿಡಿಭಾಗಗಳ ಪಟ್ಟಿಯಿಂದ. ಖರೀದಿ ವಿಭಾಗದ ಬಿಒಎಂ ಸಾಮಾನ್ಯವಾಗಿ ಸಾಲುವುದಿಲ್ಲ; ಅಂಟು, ಲೇಬಲ್, ಕೇಬಲ್ ಟೈ, ಹೀಟ್‌ಶ್ರಿಂಕ್, ಸ್ಕ್ರೂ, ರಬ್ಬರ್ ಪಾದ, ಬಣ್ಣ ಅದರಲ್ಲಿ ಇರುವುದಿಲ್ಲ. ಇವನ್ನೆಲ್ಲ ಸೇರಿಸಿ, ಪ್ರತಿ ಸಾಲಿಗೂ ತಯಾರಕರ ಪೂರ್ಣ ಪಾರ್ಟ್ ನಂಬರ್ ಬರೆಯುತ್ತೇನೆ. ಕೊನೆಯ ಅಕ್ಷರಗಳನ್ನು ಬಿಡುವಂತಿಲ್ಲ: ಒಂದೇ ಕನೆಕ್ಟರು ತವರದ ಲೇಪದಲ್ಲೂ ಕ್ಯಾಡ್ಮಿಯಂ ಲೇಪದಲ್ಲೂ ಸಿಗಬಹುದು, ವ್ಯತ್ಯಾಸ ತಿಳಿಯುವುದು ಆ ಅಕ್ಷರಗಳಿಂದ ಮಾತ್ರ.

ಆಮೇಲೆ ಪೂರೈಕೆದಾರರ ಘೋಷಣಾಪತ್ರ. 'ನಮ್ಮ ಎಲ್ಲ ಉತ್ಪನ್ನಗಳೂ ರೋಹ್ಸ್‌ಗೆ ಬದ್ಧ' ಎಂಬ ಒಂದು ಸಾಲಿನ ಪತ್ರವನ್ನು ನಾನು ಕಡತಕ್ಕೆ ಸೇರಿಸುವುದಿಲ್ಲ. ಪಾರ್ಟ್ ನಂಬರ್, ನಿರ್ದೇಶನದ ಸಂಖ್ಯೆ, ಬಳಸಿಕೊಂಡ ವಿನಾಯಿತಿ, ದಿನಾಂಕ, ಸಹಿ ಮಾಡಿದವರ ಹುದ್ದೆ ಅದರಲ್ಲಿರಬೇಕು. ದಿನಾಂಕಕ್ಕಿಂತ ಮುಖ್ಯ 2015/863 ಎಂಬ ತಿದ್ದುಪಡಿಯ ಸಂಖ್ಯೆ. ಥ್ಯಾಲೇಟ್‌ಗಳು ಸೇರಿದ್ದು ಅದರಿಂದಲೇ. ಹೆಚ್ಚಿನ ಉತ್ಪನ್ನಗಳಿಗೆ ಅನ್ವಯವಾಗಿದ್ದು 2019ರ ಜುಲೈ 22ರಿಂದ. ಆ ಸಂಖ್ಯೆ ಇಲ್ಲದ ಪತ್ರ ಹಳೆಯ ಆರು ಪದಾರ್ಥಗಳಿಗೆ ಮಾತ್ರ ಉತ್ತರ ಕೊಡುತ್ತದೆ. ಚಿಪ್ ರೆಸಿಸ್ಟರ್‌ಗೆ ಅಷ್ಟು ಸಾಕಾಗಬಹುದು. ಮೆತ್ತನೆಯ ಪಿವಿಸಿ ಕೇಬಲ್ಲಿಗೆ ಖಂಡಿತ ಸಾಲದು.

ಕಷ್ಟ ಇರುವುದು ಐಸಿಗಳಲ್ಲಲ್ಲ. ದೊಡ್ಡ ತಯಾರಕರು ಪದಾರ್ಥವಾರು ಪಟ್ಟಿಯನ್ನೇ ಕೊಡುತ್ತಾರೆ. ಸಿಕ್ಕಿಬೀಳುವುದು ಅಗ್ಗದ, ಯಾರೂ ಗಮನಿಸದ ಭಾಗಗಳು: ಪಿವಿಸಿ ಹೊದಿಕೆಯಲ್ಲಿ ಡಿಇಎಚ್‌ಪಿ, ಸತು ಲೇಪಿಸಿದ ಸ್ಕ್ರೂವಿನ ತುಕ್ಕು ತಡೆಯುವ ಹಳದಿ ಪ್ಯಾಸಿವೇಷನ್‌ನಲ್ಲಿ ಷಟ್ಸಂಯೋಜಕ ಕ್ರೋಮಿಯಂ, ಗಾಢ ಹಳದಿ-ಕೆಂಪು ಪ್ಲಾಸ್ಟಿಕ್ಕಿನ ಬಣ್ಣದಲ್ಲಿ ಕ್ಯಾಡ್ಮಿಯಂ, ಮರುಬಳಕೆಯ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಪಿಬಿಡಿಇ. ಹಾಗಾಗಿ ಪ್ರತಿ ಸಾಲಿಗೂ ಎರಡು ಅಂಕ ಕೊಡುತ್ತೇನೆ: ಆ ವಸ್ತುವಿನಲ್ಲಿ ಆ ಪದಾರ್ಥ ಇರುವ ಸಾಧ್ಯತೆ, ಪೂರೈಕೆದಾರರ ಮೇಲಿನ ನಂಬಿಕೆ. ಎರಡೂ ಕೆಟ್ಟಿದ್ದರೆ ಮಾತ್ರ ಲ್ಯಾಬು. ರೋಹ್ಸ್ ಕಡತ ಹೇಗಿರಬೇಕೆಂಬ ಇಎನ್ ಐಇಸಿ 63000:2018 ಮಾನದಂಡ ಕೇಳುವುದೂ ಇದೇ ವಿವೇಚನೆಯನ್ನು. ಎಲ್ಲವನ್ನೂ ಪರೀಕ್ಷಿಸಿ ಎಂದು ಅದು ಹೇಳುವುದಿಲ್ಲ.

ಪರೀಕ್ಷೆಯ ಮೊದಲ ಹೆಜ್ಜೆ ಎಕ್ಸ್‌ಆರ್‌ಎಫ್, ಅಂದರೆ ಎಕ್ಸ್-ಕಿರಣ ಹಾಯಿಸಿ ಧಾತುಗಳನ್ನು ಅಳೆಯುವ ವಿಧಾನ. ನಿಮಿಷಗಳಲ್ಲಿ ಅಂಕಿ ಬರುತ್ತದೆ, ಅದಕ್ಕೇ ಜನ ಅದನ್ನು ಅತಿಯಾಗಿ ನಂಬುತ್ತಾರೆ. ಅದು ಗುರುತಿಸುವುದು ಮೂಲಧಾತುವನ್ನು ಮಾತ್ರ. ಒಟ್ಟು ಕ್ರೋಮಿಯಂ ತೋರಿಸುತ್ತದೆ, ಷಟ್ಸಂಯೋಜಕವೋ ತ್ರಿಸಂಯೋಜಕವೋ ಹೇಳುವುದಿಲ್ಲ. ಒಟ್ಟು ಬ್ರೋಮಿನ್ ತೋರಿಸುತ್ತದೆ. ಎಫ್‌ಆರ್-4 ಎಂಬ ಸಾಮಾನ್ಯ ಸರ್ಕ್ಯೂಟ್ ಬೋರ್ಡಿನಲ್ಲಿ ಅದು ಹೆಚ್ಚಾಗಿಯೇ ಇರುತ್ತದೆ, ಏಕೆಂದರೆ ಅಲ್ಲಿ ಬಳಸುವುದು ಟಿಬಿಬಿಪಿಎ ಎಂಬ ಬೇರೆ ಬ್ರೋಮಿನ್ ಸಂಯುಕ್ತ, ರೋಹ್ಸ್ ಅದನ್ನು ನಿಷೇಧಿಸಿಲ್ಲ. ಥ್ಯಾಲೇಟ್‌ಗಳಂತೂ ಅದರ ಕಣ್ಣಿಗೆ ಬೀಳುವುದೇ ಇಲ್ಲ. ತೆಳು ಲೇಪವನ್ನು ಅಳೆದರೆ ಕಿರಣ ಒಳಗಿನ ಹಿತ್ತಾಳೆಗೂ ಇಳಿದು, ಅಲ್ಲಿನ ಸೀಸ ಲೇಪದ್ದೆಂಬಂತೆ ಕಾಣುತ್ತದೆ. ಅಂಕಿ ಸಂದೇಹಕ್ಕೆ ಎಡೆಕೊಟ್ಟರೆ ಐಇಸಿ 62321 ಪರೀಕ್ಷಾ ಮಾನದಂಡ ಸರಣಿಯ ಮುಂದಿನ ಭಾಗಗಳಿಗೆ ಹೋಗಬೇಕು: ಲೋಹದ ಲೇಪದ ಕ್ರೋಮಿಯಂಗೆ 7-1, ಬ್ರೋಮಿನ್ ಸಂಯುಕ್ತಗಳಿಗೆ 6, ಥ್ಯಾಲೇಟ್‌ಗಳಿಗೆ 8. ಲ್ಯಾಬಿಗೆ ಜೋಡಿಸಿದ ಬೋರ್ಡನ್ನು ಹಾಗೇ ಕಳಿಸಿ 'ಪುಡಿಮಾಡಿ ನೋಡಿ' ಅನ್ನುವುದು ದುಡ್ಡು ದಂಡ. ಸರಾಸರಿ ಅಂಕಿಯಿಂದ ಏನೂ ಸಾಬೀತಾಗುವುದಿಲ್ಲ.

ವಿನಾಯಿತಿಗಳ ವಿಚಾರದಲ್ಲಿ ಎಚ್ಚರ ಬೇಕು. ನಿರ್ದೇಶನದ ಮೂರನೇ ಅನುಬಂಧದಲ್ಲಿ 6-ಸಿ ತಾಮ್ರದ ಮಿಶ್ರಲೋಹಕ್ಕೆ 4% ವರೆಗೆ ಸೀಸ ಬಿಡುತ್ತದೆ, 7-ಎ ಶೇ. 85 ಅಥವಾ ಹೆಚ್ಚು ಸೀಸವಿರುವ ಅಧಿಕ ತಾಪದ ಬೆಸುಗೆಗೆ. ಇವು ಶಾಶ್ವತವಲ್ಲ, ಅವಧಿ ಇರುತ್ತದೆ, ಪದಗಳೂ ಬದಲಾಗುತ್ತವೆ. ಹಾಗಾಗಿ ಬಿಒಎಂನಲ್ಲಿ ವಿನಾಯಿತಿಯ ಸಂಖ್ಯೆಯ ಪಕ್ಕ ಮುಗಿಯುವ ದಿನಾಂಕದ ಕಾಲಂ ಇಡುತ್ತೇನೆ. ಇನ್ನೊಂದು ತೊಡಕು ರೀಚ್ ಎಂಬ ಯುರೋಪಿನ ರಾಸಾಯನಿಕ ನಿಯಮದ್ದು. ಸೀಸ 2018ರಿಂದ ಅದರ ಅಭ್ಯರ್ಥಿ ಪಟ್ಟಿಯಲ್ಲಿದೆ, ಅಂದರೆ ಅತಿ ಕಳವಳದ ಪದಾರ್ಥಗಳ ಪಟ್ಟಿಯಲ್ಲಿ. 3% ಸೀಸವಿರುವ ಹಿತ್ತಾಳೆ ಟರ್ಮಿನಲ್ ರೋಹ್ಸ್‌ನಲ್ಲಿ ವಿನಾಯಿತಿಯಿಂದ ಪಾರಾದರೂ, ರೀಚ್ ಪ್ರಕಾರ 0.1% ದಾಟಿದ ಕಾರಣ ಖರೀದಿದಾರರಿಗೆ ತಿಳಿಸಲೇಬೇಕು, ಯುರೋಪಿನ ಆಮದುದಾರರು ಇಂಥ ಪದಾರ್ಥವಿರುವ ವಸ್ತುಗಳ ಸ್ಕಿಪ್ ದತ್ತಾಂಶಕೋಶಕ್ಕೆ ಸೇರಿಸಲೇಬೇಕು. ಈ 0.1% ಲೆಕ್ಕವೂ ಇಡೀ ಸಾಧನದ ತೂಕಕ್ಕಲ್ಲ, ಆ ಟರ್ಮಿನಲ್ಲಿನ ತೂಕಕ್ಕೆ.

ಕಾಗದ ಸರಿಯಿದ್ದೂ ಕಾರ್ಖಾನೆಯಲ್ಲಿ ಕೆಡುವುದುಂಟು. ಸೀಸರಹಿತ ಸ್ಯಾಕ್305 ಬೆಸುಗೆ ಕರಗುವುದು 217 ಡಿಗ್ರಿಯ ಮೇಲೆ, ತವರ-ಸೀಸದ್ದು 183ರಲ್ಲಿ. ಹಳೆಯ ವಿನ್ಯಾಸವನ್ನು ಹಾಗೇ ಬದಲಿಸಿದರೆ ಪ್ಲಾಸ್ಟಿಕ್ ಕನೆಕ್ಟರುಗಳು, ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಬೆಸುಗೆ ಕರಗಿಸುವ ರಿಫ್ಲೋ ಒಲೆಯ 245 ಡಿಗ್ರಿ ತಡೆಯದೆ ಉಬ್ಬುತ್ತವೆ. ವೇವ್ ಸೋಲ್ಡರಿಂಗ್‌ನ ಕರಗಿದ ಬೆಸುಗೆಯ ತೊಟ್ಟಿ 100 ಕಿಲೋ ಹಿಡಿಯುವುದಾದರೆ, 100 ಗ್ರಾಂ ಸೀಸ ಸೇರಿದರೆ ಮಿತಿ ಮುಟ್ಟುತ್ತದೆ. ಹಳೆಯ ಸೋಲ್ಡರಿನ ಲೆಕ್ಕದಲ್ಲಿ 270 ಗ್ರಾಂ. ತೊಟ್ಟಿಯ ಮಾದರಿಯನ್ನು ನಿಯಮಿತವಾಗಿ ವಿಶ್ಲೇಷಣೆಗೆ ಕಳಿಸುವುದು ಇದಕ್ಕೇ. ರಿಪೇರಿ ಮೇಜಿನಲ್ಲಿ ಬಿಟ್, ಸ್ಪಂಜು, ವಿಕ್, ಸೋಲ್ಡರ್ ಪಂಪು ಸೀಸರಹಿತ ಕೆಲಸಕ್ಕೆ ಪ್ರತ್ಯೇಕ. ಬಣ್ಣದ ಟೇಪು ಸುತ್ತಿಟ್ಟರೆ ಗೊಂದಲ ಕಡಿಮೆ.

ಇಷ್ಟಾದ ಮೇಲೆ ಅನುಸರಣಾ ಘೋಷಣೆಗೆ ಸಹಿ, ಉತ್ಪನ್ನ ಯುರೋಪಿನ ನಿಯಮಗಳಿಗೆ ಒಪ್ಪುತ್ತದೆಂಬ ಸಿಇ ಗುರುತು. ಇಲ್ಲಿ ಹೊರಗಿನ ಸಂಸ್ಥೆಯ ಪ್ರಮಾಣಪತ್ರ ಬೇಕಿಲ್ಲ, ಹೊಣೆ ಪೂರ್ತಿ ತಯಾರಕರದೇ. ತಾಂತ್ರಿಕ ಕಡತ ಮತ್ತು ಘೋಷಣೆಯನ್ನು ಉತ್ಪನ್ನ ಮಾರುಕಟ್ಟೆಗೆ ಬಂದ ಮೇಲೆ 10 ವರ್ಷ ಇಟ್ಟಿರಬೇಕು. ಚೀನಾಕ್ಕೂ ಕಳಿಸುವುದಾದರೆ ಇದೇ ಬಿಒಎಂನಿಂದ ಅಲ್ಲಿನ ಪದಾರ್ಥ ಕೋಷ್ಟಕ ತುಂಬಬಹುದು, ಆದರೆ ವಿನಾಯಿತಿ ಪಡೆದ ಸೀಸ ಅಲ್ಲಿ ಮಿತಿ ಮೀರಿದ್ದೆಂಬ ಅಡ್ಡಗುರುತಾಗಿಯೇ ಹೋಗಬೇಕು.

ಕಡತ ಮತ್ತೆ ತೆರೆಯುವ ಸಂದರ್ಭ ಹೆಚ್ಚಾಗಿ ಒಂದೇ: ಸ್ಟಾಕ್ ಇಲ್ಲವೆಂದು ಯಾರೋ ಬದಲಿ ಪಾರ್ಟ್ ತರಿಸುತ್ತಾರೆ. ಘೋಷಣಾಪತ್ರದ ಸಂಖ್ಯೆ ನಮೂದಾಗದ ಹೊರತು ಹೊಸ ಪಾರ್ಟ್ ನಂಬರಿಗೆ ಖರೀದಿ ಆದೇಶವೇ ಹೊರಡದಂತೆ ತಂತ್ರಾಂಶದಲ್ಲಿ ಬೀಗ ಹಾಕಿಸಿದ್ದೇನೆ. ಖರೀದಿ ವಿಭಾಗದವರಿಗೆ ಅದು ಇಷ್ಟವಿಲ್ಲ.