ದೇವರಾಯನದುರ್ಗದ ಎಲೆಯುದುರುವ ಕಾಲವನ್ನು ಎಣ್ಣೆಬಣ್ಣದಲ್ಲಿ ಬರೆದದ್ದು

ತುಮಕೂರಿನಲ್ಲಿ ಕುಳಿತು ಕ್ಯಾಲೆಂಡರ್ ನೋಡಿ ಕೆಂಪು ಮೇಪಲ್ ಮರ ಬರೆಯುವವರನ್ನು ಕಂಡರೆ ನನಗೆ ಸಣ್ಣ ಸಿಟ್ಟು. ಎಲೆಯುದುರುವ ಕಾಡು ಬೇಕಿದ್ದರೆ ಊರ ಪಕ್ಕದಲ್ಲೇ ದೇವರಾಯನದುರ್ಗವಿದೆ. ಯುರೋಪಿನಲ್ಲಿ ಅಕ್ಟೋಬರಿನಲ್ಲಿ ನಡೆಯುವುದು ಇಲ್ಲಿ ಸಂಕ್ರಾಂತಿ ಕಳೆದ ಮೇಲೆ, ಮಣ್ಣಿನ ಪಸೆ ಆರಿದಾಗ ನಡೆಯುತ್ತದೆ. ಹಾಗಾಗಿ ನಾನು ಫೆಬ್ರುವರಿಯಲ್ಲಿ ಬುಡದ ನೀರಿನ ಒರತೆ ನಾಮದ ಚಿಲುಮೆಯ ಕಡೆಯಿಂದ ಬೆಟ್ಟಕ್ಕೆ ಹೋಗುವ ರಸ್ತೆಯ ತಿರುವೊಂದರಲ್ಲಿ ಕ್ಯಾನ್ವಾಸ್ ಇಡುವ ಈಸೆಲ್ ನಿಲ್ಲಿಸಿದೆ.

ಕ್ಯಾನ್ವಾಸಿಗೆ ಮನೆಯಲ್ಲೇ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ ಬಳಿದು, ಬಟ್ಟೆಯಿಂದ ಒರೆಸಿ ಒಣಗಿಸಿದ್ದೆ. ಬಿಳಿ ಕ್ಯಾನ್ವಾಸಿನ ಮೇಲೆ ಯಾವ ಬಣ್ಣ ಇಟ್ಟರೂ ಕಪ್ಪಾಗಿ ಕಾಣುತ್ತದೆ, ಕೈ ಹೆದರುತ್ತದೆ. ಕೆಮ್ಮಣ್ಣಿನ ತಳವಿದ್ದರೆ ಕುಂಚದ ಏಟುಗಳ ನಡುವೆ ಅದೇ ಇಣುಕಿ ನೆಲವಾಗುತ್ತದೆ.

ಮೊದಲು ನೆರಳು. ಬೆಳಗಿನ ನೆರಳಿಗೆ ಹೆಚ್ಚು ಆಯುಸ್ಸಿಲ್ಲ, ಹತ್ತು ಗಂಟೆಯ ಹೊತ್ತಿಗೆ ದೂರದ ಸಾಲು ಬೆಟ್ಟಗಳೂ ಮಬ್ಬಾಗಿ ಬಿಳಿಚಿಕೊಳ್ಳುತ್ತವೆ.

ನಿಜವಾದ ಕೆಲಸ ಇದ್ದದ್ದು ಬಂಡೆಯಲ್ಲಿ. ಬಂಡೆ ಬೂದು ಎಂದು ಎಲ್ಲರೂ ಕಪ್ಪಿಗೆ ಬಿಳಿ ಬೆರೆಸುತ್ತಾರೆ. ಅದು ಸಿಮೆಂಟ್ ಗೋಡೆಯಾಗುತ್ತದೆ. ಹತ್ತಿರ ಹೋಗಿ ನೋಡಿದರೆ ಅಲ್ಲಿ ನಸುಗುಲಾಬಿ ಕಣಗಳಿವೆ, ಮಳೆನೀರು ಇಳಿದ ಜಾಡಿನಲ್ಲಿ ಕಪ್ಪು ಪಟ್ಟೆಗಳಿವೆ, ಅಲ್ಲಲ್ಲಿ ಕಲ್ಲುಹೂವಿನ ತಿಳಿಹಸಿರು ಮಚ್ಚೆಗಳಿವೆ. ನಾನು ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದೆ. ನೀಲಿ ಹೆಚ್ಚಿದರೆ ನೆರಳಿನ ಬದಿ, ಸಿಯೆನ್ನಾ ಹೆಚ್ಚಿದರೆ ಬಿಸಿಲಿನ ಬದಿ, ಟೈಟಾನಿಯಂ ಬಿಳಿ ಎಷ್ಟು ಬೇಕೋ ಅಷ್ಟು. ಕಪ್ಪು ಟ್ಯೂಬಿನ ಮುಚ್ಚಳ ತೆರೆಯಲೇ ಇಲ್ಲ. ಬಿಸಿಲು ಬಿದ್ದ ಅಂಚುಗಳನ್ನು ಕೊನೆಗೆ ಬಣ್ಣ ಬಳಿಯುವ ಮೊಂಡು ಚಾಕು, ಪ್ಯಾಲೆಟ್ ನೈಫಿನಿಂದ ದಪ್ಪವಾಗಿ ಎಳೆದೆ.

ಈ ಬೂದು ಸರಿಯಾಗಿ ಕೂತರೆ ಒಣಹುಲ್ಲಿಗೆ ಮಣ್ಣುಹಳದಿಯಾದ ಬರಿಯ ಯೆಲ್ಲೋ ಓಕರ್ ಸಾಕು, ಅದೇ ಹೊನ್ನಾಗಿ ಹೊಳೆಯುತ್ತದೆ. ಎಲೆ ಕಳಚಿದ ಮುತ್ತುಗಕ್ಕೆ ಆಗಲೇ ಹೂ ಬಂದಿತ್ತು. ಅದಕ್ಕೆ ಕ್ಯಾಡ್ಮಿಯಂ ಕಿತ್ತಳೆಯನ್ನು ಏನೂ ಬೆರೆಸದೆ ಕೆಲವೇ ಚುಕ್ಕೆಗಳಲ್ಲಿ ಇಟ್ಟೆ. ಇನ್ನಷ್ಟು ಹೂ ಹಾಕಿ, ಮೇಲೊಂದು ನರಸಿಂಹನ ಗುಡಿಯನ್ನೂ ಬರೆಯಿರಿ ಎಂದು ದಾರಿಯಲ್ಲಿ ನಿಂತು ನೋಡಿದವರೊಬ್ಬರು ಸಲಹೆ ಕೊಟ್ಟರು. ಗುಡಿ ಆ ತಿರುವಿನಿಂದ ಕಾಣುವುದೇ ಇಲ್ಲ.

ಉಳಿದದ್ದನ್ನು ಮನೆಯಲ್ಲಿ ಮುಗಿಸಿದೆ. ಕೆಳಪದರಕ್ಕೆ ಟರ್ಪೆಂಟೈನ್ ಹೆಚ್ಚು, ಮೇಲಿನ ಪದರಗಳಿಗೆ ಅಗಸೆ ಎಣ್ಣೆ ಹೆಚ್ಚು; ತಲೆಕೆಳಗಾದರೆ ಬೇಗ ಒಣಗಿದ ಮೇಲ್ಪದರ ಮುಂದೆ ಬಿರುಕು ಬಿಡುತ್ತದೆ. ಅಗಸೆ ಎಣ್ಣೆ ನೀರಿನಂತೆ ಆವಿಯಾಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಆಗ ಶಾಖವನ್ನೂ ಬಿಡುತ್ತದೆ. ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬೇಸಿಗೆಯಲ್ಲಿ ಆ ಕಾಡಿಗೆ ಕಿಡಿಯೊಂದು ಸಾಕು. ನಾನು ನೀರು ತುಂಬಿದ ಮುಚ್ಚಳದ ಡಬ್ಬಿಯೊಂದನ್ನು ಜೊತೆಗೇ ಒಯ್ದು, ಚಿಂದಿಯೆಲ್ಲವನ್ನೂ ಅದರಲ್ಲಿ ಅದ್ದಿ ಮನೆಗೆ ತಂದೆ.

ತೆಳುವಾದ ಆಕಾಶ ಬೇಗ ಒಣಗಿತು. ಬಂಡೆಯ ದಪ್ಪ ಅಂಚುಗಳು ಉಗುರಿಟ್ಟರೆ ಈಗಲೂ ಮೆತ್ತಗಿವೆ, ವಾರ್ನಿಷ್ ಬಳಿಯುವುದಕ್ಕೆ ಇನ್ನೂ ತಿಂಗಳುಗಳು ಬೇಕು.