ಹುಬ್ಬು ಮೈಕಿಗೆ ಕಾಣುವುದಿಲ್ಲ

ಮೊದಲು ಧ್ವನಿಮುದ್ರಿಸಿದ ಹಾಡೇ ಆಲ್ಬಂನಿಂದ ಹೊರಬಿತ್ತು. ನನ್ನ ವಿಚ್ಛೇದನದ ಬಗ್ಗೆ ನಾನೇ ಬರೆದದ್ದು. ಅರವತ್ತೆರಡನೇ ವಯಸ್ಸಿನಲ್ಲಿ ಆಲ್ಬಂ ಮಾಡುವ ಹುಚ್ಚು ಹತ್ತಿದ್ದೇ ಅದರಿಂದ. ಮೂರನೇ ಟೇಕಿನಲ್ಲಿ ಗಂಟಲು ಬಿಗಿದು, ಕೊನೆಯ ಸಾಲು ಅಳುವಿನಲ್ಲೇ ಮುಗಿಯಿತು. ಹೆಡ್‌ಫೋನ್ ತೆಗೆದಿಡುವಾಗ ಅಪರೂಪದ್ದೇನೋ ಸಿಕ್ಕಿತೆಂದು ನಂಬಿದ್ದೆ. ಮರುದಿನ ಕೇಳಿದರೆ ಯಾರೋ ಹೆಂಗಸು ಅಳುತ್ತಿದ್ದಾಳೆ, ಅಷ್ಟೆ. ನನ್ನ ಪಿಯಾನೊ ವಾದಕ (ನನಗಿನ್ನೂ ಹುಡುಗನೇ, ನಲವತ್ತು ದಾಟಿದೆ) ನೆಲ ನೋಡುತ್ತಾ ಹೇಳಿದ: "ಅಕ್ಕಾ, ಎರಡನೇ ಚರಣದಲ್ಲಿ ಏನು ಹಾಡಿದ್ರಿ ಅಂತ ನನಗೇ ಗೊತ್ತಾಗ್ಲಿಲ್ಲ. ಅದನ್ನ ನಾನು ಮೂವತ್ತು ಸಲ ನುಡಿಸಿದೀನಿ."

ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದೆ. ಆಮೇಲೆ ನಾನೇ ಫೋನ್ ಮಾಡಿದೆ.

ನಾನು ಕ್ಯಾಬರೆ ಗಾಯಕಿ. ಹಾಗೆಂದಕೂಡಲೇ ಹಲವರಿಗೆ ಹಳೆಯ ಸಿನಿಮಾಗಳ ಥಳುಕಿನ ಕುಣಿತ ಕಣ್ಮುಂದೆ ಬರುತ್ತದೆ. ನಾನು ಮೂವತ್ತು ವರ್ಷ ಮಾಡಿದ್ದು ಅದಲ್ಲ. 1881ರಲ್ಲಿ ರೊಡೊಲ್ಫ್ ಸಾಲಿಸ್ ಪ್ಯಾರಿಸ್ಸಿನ ಮೊಂಮಾರ್ತ್‌ನಲ್ಲಿ 'ಲ ಶಾ ನ್ವಾರ್' ಎಂಬ ಕ್ಯಾಬರೆ ತೆರೆದನಲ್ಲ, ಆ ದಾರಿಯದು. ಸಣ್ಣ ಕೋಣೆ, ಒಂದು ಪಿಯಾನೊ, ಮುಂದಿನ ಮೇಜಿನವರ ಕಣ್ಣು ಕಾಣುವಷ್ಟು ಹತ್ತಿರ. ಅಂಥ ಕಡೆ ಒಂದು ಹುಬ್ಬು ಎತ್ತಿದರೆ ಅರ್ಧ ಹಾಡು ಹಾಡಿದಂತೆ. ಮೈಕಿಗೆ ಹುಬ್ಬು ಕಾಣುವುದಿಲ್ಲ. ಆಲ್ಬಂ ಮಾಡಿದ ಎಂಟು ತಿಂಗಳೂ ನಾನು ಗುದ್ದಾಡಿದ್ದು ಇದರ ಜೊತೆಗೇ.

ಗಂಟಲಿನ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಮುಟ್ಟು ನಿಂತ ಮೇಲೆ ಹೆಂಗಸರ ಧ್ವನಿ ಸಾಮಾನ್ಯವಾಗಿ ಕೆಳಗಿಳಿಯುತ್ತದೆ, ಮೇಲಿನ ಸ್ವರಗಳು ಒಂದೊಂದಾಗಿ ಕೈಕೊಡುತ್ತವೆ. ಸಿ ಮೇಜರ್ ಶ್ರುತಿಯಲ್ಲಿ ಹಾಡುತ್ತಿದ್ದುದನ್ನು ಜಿ ಮೇಜರ್‌ಗೆ, ಎಂದರೆ ಐದು ಅರ್ಧಸ್ವರ ಕೆಳಕ್ಕೆ ಇಳಿಸಿದೆ. ಇಳಿಸಿದ ಮೊದಲ ದಿನ ನನಗೆ ನಾಚಿಕೆ, ಪಿಯಾನೊಗೆ ಸಂಕಟ. ಎಡಗೈಯ ಸ್ವರಗಳು ಅಷ್ಟು ಕೆಳಗೆ ಒತ್ತೊತ್ತಾಗಿ ಕೂತರೆ ಎಲ್ಲ ಕೆಸರು ಕದಡಿದಂತೆ ಕೇಳಿಸುತ್ತದೆ. ಹುಡುಗ ಎಡಗೈಯನ್ನು ಅಗಲಿಸಿದ, ನಡುವಿನ ಸ್ವರಗಳನ್ನು ಬಲಗೈಗೆ ದಾಟಿಸಿದ. ಬರೀ ಶ್ರುತಿ ಬದಲಿಸಿದೆವು ಅಂದುಕೊಂಡಿದ್ದೆವು, ಕೊನೆಗೆ ವಾದ್ಯದ ಕೆಲಸವನ್ನೆಲ್ಲ ಹೊಸದಾಗಿ ಬರೆಯಬೇಕಾಯಿತು.

ಧೈರ್ಯಕ್ಕೆ ಇಬ್ಬರನ್ನು ನೆನೆಯುತ್ತಿದ್ದೆ. ಅಮೆರಿಕದ ಬ್ಲೂಸ್ ಗಾಯಕಿ ಆಲ್ಬರ್ಟಾ ಹಂಟರ್ ಹಾಡುವುದನ್ನು ಬಿಟ್ಟು ಸುಮಾರು ಇಪ್ಪತ್ತು ವರ್ಷ ನರ್ಸ್ ಆಗಿದ್ದು, 1977ರಲ್ಲಿ, 82ನೇ ವಯಸ್ಸಿನಲ್ಲಿ ನ್ಯೂಯಾರ್ಕಿನ ಒಂದು ಕ್ಲಬ್ಬಿನಲ್ಲಿ ಮತ್ತೆ ಹಾಡಲು ನಿಂತಳು. ಕ್ಯಾಬರೆ ಗಾಯಕಿ ಮೇಬಲ್ ಮರ್ಸರ್ ನಿಲ್ಲುತ್ತಲೂ ಇರಲಿಲ್ಲ, ಕುರ್ಚಿಯಲ್ಲಿ ನೆಟ್ಟಗೆ ಕೂತು ಹೇಳುವಂತೆ ಹಾಡುತ್ತಿದ್ದಳು. ಪದಗಳನ್ನು ಬಿಡಿಸಿ ಹೇಳುವುದನ್ನು ಅವಳಿಂದ ಕಲಿತೆ ಎಂದು ಹೆಸರಾಂತ ಗಾಯಕ ಫ್ರಾಂಕ್ ಸಿನಾತ್ರಾನೇ ಒಪ್ಪಿಕೊಂಡಿದ್ದ. ನಾನೂ ಸ್ಟುಡಿಯೋಗೆ ಕುರ್ಚಿ ತರಿಸಿಕೊಂಡೆ. ನಿಂತಾಗ ನನ್ನ ಕೈ ನಟಿಸಲು ಶುರುಮಾಡುತ್ತಿತ್ತು, ಕೈಯ ಹಿಂದೆಯೇ ಧ್ವನಿಯೂ ಹೊರಡುತ್ತಿತ್ತು.

ಇನ್ನು ಹಾಡುಗಳು. ರಾಗ ಬಿಟ್ಟು ಬರೀ ಸಾಹಿತ್ಯವನ್ನು ಕಾಗದಕ್ಕೆ ಇಳಿಸಿ, ಪತ್ರ ಓದುವಂತೆ ಗಟ್ಟಿಯಾಗಿ ಓದಿದೆ. ಈ ವಯಸ್ಸಿನಲ್ಲಿ ಹೇಳಲು ನಾಚುವಂಥ ಸಾಲು ಸಿಕ್ಕರೆ ಹಾಡು ಪಕ್ಕಕ್ಕೆ. ಮೂವತ್ತನಾಲ್ಕರಲ್ಲಿ ಇಪ್ಪತ್ತು ಹೀಗೆ ಹೋದವು. ಒಂದು ಹಾಡು ಮಾತ್ರ ತಕರಾರು ತೆಗೆಯಿತು. ಇಪ್ಪತ್ತೈದನೇ ವಯಸ್ಸಿನಲ್ಲಿ ನಾನು ದಿನಾ ಹಾಡುತ್ತಿದ್ದದ್ದು, ನೀನಿಲ್ಲದೆ ಬದುಕಲಾರೆ ಎನ್ನುವ ಜಾತಿಯ ಪ್ರೇಮಗೀತೆ. ಓದುತ್ತಾ ಆ ಮಾತಿಗೆ ಬಂದವಳು ತಡೆದು ನಿಂತೆ. ಬದುಕಿದ್ದೇನಲ್ಲ, ಹತ್ತೊಂಬತ್ತು ವರ್ಷ! ಚೆನ್ನಾಗಿಯೇ ಬದುಕಿದ್ದೇನೆ. ಹುಡುಗ ಪಿಯಾನೊ ಮೇಲೆ ತಲೆಯಿಟ್ಟು ನಕ್ಕ. "ಅದನ್ನೇ ಹಾಡಿ ಅಕ್ಕಾ," ಅಂದ, "ಆ ತಡೆದದ್ದನ್ನ."

ಬೇರೆಯವರ ಹಾಡಿನ ಪದ ಬದಲಿಸಬೇಕಾದರೆ ಹಕ್ಕುದಾರರ ಅನುಮತಿ ಬೇಕು. ನಾವು ಒಂದಕ್ಷರವನ್ನೂ ಮುಟ್ಟಲಿಲ್ಲ. 'ಬದುಕಲಾರೆ' ಎಂದ ಮೇಲೆ ಎರಡು ಮಾತ್ರೆ ನಿಲ್ಲಿಸಿ, ಮೂಗಿನಿಂದ ಒಂದು ಸಣ್ಣ ಉಸಿರೆಳೆದುಕೊಂಡು ಮುಂದಿನ ಸಾಲಿಗೆ ಹೋದೆ. ವಿಚ್ಛೇದನದ ಬಗ್ಗೆ ನಾಲ್ಕು ಪುಟ ಬರೆದು ಹೇಳಲಾಗದ್ದು ಆ ಉಸಿರಲ್ಲಿ ಬಂತು. ಸ್ವಂತ ಹಾಡನ್ನು ಅವತ್ತೇ ಕೈಬಿಟ್ಟೆ. ನನ್ನ ಬದುಕಿಗೆ ತೀರಾ ಅಂಟಿಕೊಂಡ ಹಾಡುಗಳೇ ಎಲ್ಲಕ್ಕಿಂತ ಕೆಟ್ಟದಾಗಿ ಬಂದವು ಎನ್ನುವುದು ಈಗಲೂ ನನಗೆ ಸ್ವಲ್ಪ ಹೊಟ್ಟೆಯುರಿ.

ಧ್ವನಿಮುದ್ರಣಕ್ಕೆ ನಾನೂ ಪಿಯಾನೊವೂ ಒಂದೇ ಕೋಣೆಯಲ್ಲಿ, ತಾಳದ ಟಿಕ್-ಟಿಕ್ ಇಲ್ಲದೆ. ಹಾಗೆ ಮಾಡಿದರೆ ಪಿಯಾನೊ ಸದ್ದು ನನ್ನ ಮೈಕಿಗೂ ಸೋರುತ್ತದೆ. ಆಮೇಲೆ ಒಂದು ಪದ ಕೆಟ್ಟಿದೆ ಎಂದು ಕತ್ತರಿಸಿ ಅಂಟಿಸಲು ಬರುವುದಿಲ್ಲ, ಇಡೀ ಟೇಕ್ ಇಡಬೇಕು ಇಲ್ಲವೇ ಇಡೀ ಟೇಕ್ ಎಸೆಯಬೇಕು. ಆದರೂ ನಾನು ಎಲ್ಲಿ ನಿಲ್ಲುತ್ತೇನೋ ಅಲ್ಲಿ ಅವನೂ ನಿಲ್ಲಬೇಕಾದರೆ ಬೇರೆ ದಾರಿ ಇರಲಿಲ್ಲ. ಮೈಕಿಗೆ ತುಟಿ ಹತ್ತಿರವಾದಷ್ಟೂ ಧ್ವನಿಯ ತಳ ಉಬ್ಬುತ್ತದೆ, ಒಂದೇ ದಿಕ್ಕಿನಿಂದ ಕೇಳಿಸಿಕೊಳ್ಳುವ ಮೈಕುಗಳ ಗುಣ ಅದು. ಮೊದಲೇ ಇಳಿದ ನನ್ನ ಧ್ವನಿ ಹತ್ತಿರದಿಂದ ಗುಹೆಯೊಳಗಿಂದ ಬಂದಂತಿತ್ತು. ಒಂದು ಗೇಣು ದೂರ ಕೂತಾಗ ಸರಿಹೋಯಿತು. ಹೊಸದಾಗಿ ಕಟ್ಟಿಸಿದ ಹಲ್ಲಿನಿಂದ 'ಸ'ಕಾರ ಶಿಳ್ಳೆ ಹೊಡೆಯುತ್ತಿತ್ತು. ಅದಕ್ಕೆ ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ತಿರುಗಿಸಿದ್ದು ಬಿಟ್ಟರೆ ಬೇರೆ ಮದ್ದು ಮಾಡಲಿಲ್ಲ.

ಮಿಕ್ಸ್ ಆದ ಪ್ರತಿ ಮನೆಗೆ ಬಂತು. ನುಣುಪಾಗಿತ್ತು. ಆ ಪ್ರೇಮಗೀತೆ ಮಾತ್ರ ಯಾಕೋ ಸಪ್ಪೆ. ನಾಲ್ಕು ಸಲ ಕೇಳಿದ ಮೇಲೆ ಗೊತ್ತಾಯಿತು: ಉಸಿರಿನ ಸದ್ದುಗಳನ್ನೆಲ್ಲ ಕಳೆ ಕಿತ್ತಂತೆ ಕಿತ್ತು ಸ್ವಚ್ಛ ಮಾಡಿದ್ದರು. ಉಳಿದದ್ದು ಖಾಲಿ ಎರಡು ಮಾತ್ರೆ, ನಾನು ಸಾಲು ಮರೆತೆನೇನೋ ಎನ್ನುವಂತೆ. ಸೌಂಡ್ ಎಂಜಿನಿಯರ್‌ಗೆ ಫೋನ್ ಮಾಡಿದೆ. ಪಾಪ, ಆ ಹುಡುಗಿ ನನ್ನ ಮರ್ಯಾದೆ ಉಳಿಸಲೆಂದೇ ಮಾಡಿದ್ದಳು. "ಮೇಡಂ, ಉಸಿರು ಜಾಸ್ತಿ ಕೇಳಿಸ್ತಿತ್ತು, ವಯಸ್ಸಾದ ಹಾಗೆ..." ಎಂದು ಅರ್ಧಕ್ಕೆ ನಿಲ್ಲಿಸಿದಳು.

"ವಯಸ್ಸಾಗಿದೆ ಕಣಮ್ಮ, ವಾಪಸ್ ಹಾಕು," ಅಂದೆ.

ಕೊನೆಗೆ ಆಲ್ಬಂನಲ್ಲಿ ಉಳಿದ ಹನ್ನೊಂದು ಹಾಡಿನ ಉಸಿರೂ ವಾಪಸ್ ಬಂತು. ಉಳಿದದ್ದು ಜೋಡಣೆ. ಎಲ್‌ಪಿ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಇಪ್ಪತ್ತು-ಇಪ್ಪತ್ತೆರಡು ನಿಮಿಷ ದಾಟಿದರೆ ಸದ್ದು ತಗ್ಗಿಸಬೇಕಾಗುತ್ತದೆ, ಮುಳ್ಳು ನಡುವಿನತ್ತ ಸರಿದಂತೆ ಚೂಪಾದ ಸದ್ದುಗಳು ಒಡೆಯುತ್ತವೆ. ಹಾಗಾಗಿ 'ಸ'ಕಾರ ತುಂಬಿದ ಗಲಾಟೆ ಹಾಡು ಆರಂಭಕ್ಕೆ, ಮೆಲುದನಿಯದು ಕೊನೆಗೆ. ಪ್ರೇಮಗೀತೆಯನ್ನು ಎರಡನೇ ಬದಿಯ ತುದಿಗೆ ಹಾಕಿದೆವು. ಅದು ಮುಗಿದ ಮೇಲೆ ಪಿಯಾನೊ ಪೆಡಲ್ ಮೇಲೇಳುವ ಸದ್ದು, ನನ್ನ ಕುರ್ಚಿ ಕಿರುಗುಟ್ಟುವ ಸದ್ದು ಎರಡೂ ಇವೆ. ಅವನ್ನೂ ತೆಗೆಯಲೇ ಎಂದು ಹುಡುಗಿ ಕೇಳಲಿಲ್ಲ.